ವಿಟೆನ್‌ಬರ್ಗ್‌ನ ಬಟ್ಟಲು

ಬರ್ಲಿನ್‌ನಲ್ಲಿ ರೈಲು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ವಿಟೆನ್‌ಬರ್ಗ್. ಜೊತೆಗಿದ್ದ ಗೆಳೆಯ ಮಂಗಳೂರಿನ ಕ್ಯಾಥೊಲಿಕ್. "ನಮ್ಮ ಪೋಪ್ ಹತ್ರ ಜಗಳ ಆಡಿದವನ ಊರಿಗೆ ನನ್ನನ್ನೇ ಕರ್ಕೊಂಡು ಬಂದೆಯಲ್ಲ ಮಾರಾಯ" ಎಂದು ದಾರಿಯುದ್ದಕ್ಕೂ ಕಾಲೆಳೆಯುತ್ತಿದ್ದ.

ಮೊದಲು ಅರಮನೆ ಚರ್ಚು. 1517ರ ಅಕ್ಟೋಬರ್ 31ರಂದು ಪ್ರೊಟೆಸ್ಟೆಂಟ್ ಪಂಥಕ್ಕೆ ಕಾರಣನಾದ ಸನ್ಯಾಸಿ ಮಾರ್ಟಿನ್ ಲೂಥರ್ ತನ್ನ 95 ವಾದಗಳನ್ನು ಇಲ್ಲಿನ ಬಾಗಿಲಿಗೆ ಮೊಳೆ ಹೊಡೆದ ಅಂತಾರೆ. ಹೊಡೆದನೋ ಇಲ್ಲವೋ, ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಹಳೇ ಬಾಗಿಲು 1760ರ ಯುದ್ಧದಲ್ಲಿ ಸುಟ್ಟುಹೋಯಿತು, ಈಗಿರುವುದು 1858ರ ಕಂಚಿನದು. ಅವನ ಸಿಟ್ಟು ಇದ್ದಿದ್ದು ಕ್ಷಮಾಪತ್ರದ ವ್ಯಾಪಾರದ ಮೇಲೆ. ದುಡ್ಡು ಕೊಟ್ಟು ಪತ್ರ ಕೊಂಡರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದಂತೆ. ತಮಾಷೆಯೆಂದರೆ, ಅವನ ದೊರೆ ಫ್ರೆಡರಿಕ್ ಇದೇ ಚರ್ಚಿನಲ್ಲಿ ಸಂತರ ಅವಶೇಷಗಳನ್ನು ಕೂಡಿಹಾಕಿದ್ದ. 1520ರ ಹೊತ್ತಿಗೆ 19,000ಕ್ಕೂ ಜಾಸ್ತಿ! ಅವನ್ನು ನೋಡಿದರೂ ಶಿಕ್ಷೆಯಲ್ಲಿ ರಿಯಾಯಿತಿ.

ಬಾಗಿಲ ಮುಂದೆ ಸೆಲ್ಫಿಯ ಗದ್ದಲ. ನನಗೆ ಹಿಡಿಸಿದ್ದು ಊರಿನ ಚರ್ಚು. ಅಲ್ಲಿನ ವೇದಿಕೆಯ ಮೇಲೆ ಕ್ರಾನಾಖ್ ಮನೆತನದವರ ಚಿತ್ರವಿದೆ, 1547ರದ್ದು. ಯೇಸುವಿನ ಕೊನೆಯ ಊಟ. ದುಂಡು ಮೇಜಿನ ಸುತ್ತ ಕೂತ ಶಿಷ್ಯರ ನಡುವೆ ಒಬ್ಬ ಗಡ್ಡದವನು, ಊಟ ಬಡಿಸುವವನ ಕೈಯಿಂದ ಬಟ್ಟಲು ತಗೊಳ್ಳುತ್ತಿದ್ದಾನೆ. ಅವನೇ ಲೂಥರ್, ಪೋಪ್, ಚಕ್ರವರ್ತಿ ಇಬ್ಬರಿಗೂ ಬೇಡವಾಗಿ ತಲೆಮರೆಸಿಕೊಂಡಿದ್ದ ದಿನಗಳ ವೇಷದಲ್ಲಿ.

ಆ ಬಟ್ಟಲೇ ಇನ್ನೊಂದು ಜಗಳದ ಮೂಲ. ಯೇಸುವಿನ ಆ ಊಟದ ನೆನಪಿಗೆ ಚರ್ಚಿನ ಪೂಜೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಇಡುತ್ತಾರೆ. ಆಗ ಪೂಜೆಗೆ ಬಂದ ಜನರಿಗೆ ರೊಟ್ಟಿ ಮಾತ್ರ, ದ್ರಾಕ್ಷಾರಸ ಪಾದ್ರಿಗೆ. 1415ರಲ್ಲಿ ಕಾನ್ಸ್‌ಟನ್ಸ್ ಊರಲ್ಲಿ ಸೇರಿದ ಚರ್ಚಿನ ಮಹಾಸಭೆ ಇದನ್ನೇ ಕಾನೂನು ಮಾಡಿತ್ತು. ಅವರ ವಾದ ಪೊಳ್ಳಲ್ಲ: ರೊಟ್ಟಿಯಲ್ಲೇ ಕ್ರಿಸ್ತ ಪೂರ್ತಿಯಾಗಿ ಇರುವಾಗ ರಸ ಬೇರೆ ಯಾಕೆ? ಲೂಥರ್‌ದು ಒಂದೇ ಹಟ. ಎಲ್ಲರೂ ಕುಡಿಯಿರಿ ಅಂತ ಯೇಸುವೇ ಹೇಳಿರುವಾಗ ಬೇಡ ಅನ್ನಲು ನೀವ್ಯಾರು?

"ಹಾಗಾದ್ರೆ ಅಲ್ಲಿ ಕ್ರಿಸ್ತ ಇದ್ದಾನೆ ಅಂತ ಇವನೂ ಒಪ್ತಿದ್ನಾ?" ಗೆಳೆಯನಿಗೆ ಆಶ್ಚರ್ಯ. ಒಪ್ಪುತ್ತಿದ್ದ, ಅಂಥಿಂಥ ಒಪ್ಪಿಗೆಯಲ್ಲ. ಬರೀ ನೆನಪಿನ ಗುರುತು ಎಂದ ಸ್ವಿಸ್ ಸುಧಾರಕ ಜ್ವಿಂಗ್ಲಿಯ ಜೊತೆ 1529ರಲ್ಲಿ ಮಾರ್ಬುರ್ಗ್‌ನಲ್ಲಿ ಇದೇ ವಿಷಯಕ್ಕೆ ಮುರಿದುಕೊಂಡ. ರೊಟ್ಟಿ ಹೇಗೆ ಕ್ರಿಸ್ತನ ದೇಹವಾಗಿ ಬದಲಾಗುತ್ತದೆ ಅನ್ನುವ ರೋಮಿನ ವಿವರಣೆಯನ್ನಷ್ಟೇ ಅವನು ಒಪ್ಪಲಿಲ್ಲ.

1521ರ ಕ್ರಿಸ್‌ಮಸ್‌ನಲ್ಲಿ, ಲೂಥರ್ ಅಡಗಿದ್ದಾಗಲೇ, ಅವನ ಜೊತೆಗಾರ ಕಾರ್ಲ್‌ಸ್ಟಾಟ್ ಈ ಊರಲ್ಲಿ ಜನರಿಗೆ ಬಟ್ಟಲನ್ನೂ ಕೊಟ್ಟೇಬಿಟ್ಟ. ಊರೆಲ್ಲ ಗಲಾಟೆ. ಮಾರ್ಚ್‌ನಲ್ಲಿ ಲೂಥರ್ ಓಡಿಬಂದು, ಇದೇ ಚರ್ಚಿನಲ್ಲಿ ಎಂಟು ದಿನ ಬೋಧಿಸಿದ. ಯಾರನ್ನೂ ಬಲವಂತ ಮಾಡಬೇಡಿ, ನಿಧಾನ, ಅಂತ. ತಾನೇ ಕೇಳಿದ ಬಟ್ಟಲಿಗೆ ತಾನೇ ಬ್ರೇಕ್ ಹಾಕಿದ ಈ ಲೂಥರ್ ನನಗೆ ಬಾಗಿಲ ಮುಂದಿನ ಲೂಥರ್‌ಗಿಂತ ಇಷ್ಟ.

ಗೆಳೆಯ ಆ ಚಿತ್ರದ ಪೋಸ್ಟ್‌ಕಾರ್ಡ್ ಕೊಂಡು, ಅದರ ಫೋಟೊ ತೆಗೆದು ಮಂಗಳೂರಿನ ಅಮ್ಮನಿಗೆ ಕಳಿಸಿದ. ಸ್ಟೇಷನ್ ಮುಟ್ಟುವಷ್ಟರಲ್ಲಿ ಕೊಂಕಣಿಯಲ್ಲಿ ಉತ್ತರ ಬಂತು. ಓದಿ ನಕ್ಕು, ನನಗೆ ಕನ್ನಡದಲ್ಲಿ ಹೇಳಿದ: "ಚಿತ್ರ ಚೆಂದ ಉಂಟು. ಭಾನುವಾರ ಪೂಜೆಗೆ ಹೋಗಿದ್ಯಾ?"