ಕಾದ ಎಣ್ಣೆ ತೀರಿಹೋದ ರಾತ್ರಿ

14 ನವೆಂಬರ್ 2023, ಮಂಗಳವಾರ, ಬಲಿಪಾಡ್ಯಮಿ
ರಾತ್ರಿ 10.40

ಕಿಟ್ಟಿ ಈಗಷ್ಟೇ ಮಲಗಿದ. ಬಲಗೈಯನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟು ಮಲಗಿಸಬೇಕೆಂದು ಹೇಳಿ ಕಳುಹಿಸಿದ್ದಾರೆ. ನಿದ್ದೆಯಲ್ಲಿ ಕೈ ಜಾರಿದಾಗಲೆಲ್ಲ ಅತ್ತಿಗೆ ಎದ್ದು ಮತ್ತೆ ಎತ್ತಿಡುತ್ತಿದ್ದಾಳೆ. ನಿನ್ನೆ ಸಂಜೆ ಹೂಕುಂಡ ಹತ್ತಲಿಲ್ಲವೆಂದು ಅವನು ಬಗ್ಗಿ ಮುಟ್ಟಲು ಹೋದ ಕ್ಷಣಕ್ಕೇ ಅದು ಭುಗಿಲೆಂದಿತು. ಅಮ್ಮ ಅಡುಗೆಮನೆಯಿಂದ ಈರುಳ್ಳಿ ಜಜ್ಜಿಕೊಂಡು ಓಡಿಬಂದರು, ಅಣ್ಣ ಅದನ್ನು ಹಚ್ಚಲು ಬಿಡದೆ ಮಗುವನ್ನು ಎತ್ತಿಕೊಂಡು ಕಾರಿನತ್ತ ಓಡಿದ. ಆಸ್ಪತ್ರೆಯಲ್ಲಿ ಬಹಳ ಹೊತ್ತು ನಲ್ಲಿಯ ನೀರು ಹರಿಸಿ, ಬ್ಯಾಂಡೇಜು ಕಟ್ಟಿ, ಒಂದು ರಾತ್ರಿ ಇಲ್ಲೇ ಇರಲಿ ಎಂದರು.

ನಾನು ಬರೆಯಬೇಕೆಂದುಕೊಂಡದ್ದು ಅದಲ್ಲ. ಇಂದು ಬೆಳಗಿನ ಜಾವ ಐದೂಕಾಲಿಗೆ, ವಾರ್ಡಿನಲ್ಲಿ ಎಲ್ಲರೂ ಮಲಗಿದ್ದಾಗ, ಕಿಟ್ಟಿಯ ಕೈಗೆ ಬ್ಯಾಂಡೇಜು ಕಟ್ಟಿದ್ದ ಆ ಎಳೆಯ ಡಾಕ್ಟರು ಸದ್ದಿಲ್ಲದೆ ಬಂದು ಕಿಟ್ಟಿಯ ಬೆರಳತುದಿಗಳನ್ನು ಮೊಬೈಲಿನ ಬೆಳಕಿನಲ್ಲಿ ಒಂದೊಂದಾಗಿ ಒತ್ತಿ ನೋಡಿದರು. ಇನ್ನೂ ಡ್ಯೂಟಿ ಮುಗಿದಿಲ್ಲವೇ ಎಂದು ಕೇಳಿದೆ. "ಮುಗಿದು ಎಷ್ಟೋ ಹೊತ್ತಾಯಿತು. ಕಟ್ಟು ಬಿಗಿಯಾಯಿತೇನೋ ಎಂದು ನಿದ್ದೆ ಬರಲಿಲ್ಲ, ನೋಡಿಕೊಂಡು ಹೋಗೋಣ ಅಂತ ಬಂದೆ" ಎಂದು ಹೇಳಿ, ಏನೋ ತಪ್ಪು ಒಪ್ಪಿಕೊಂಡವರ ಹಾಗೆ ತಲೆತಗ್ಗಿಸಿ ಹೊರಟುಹೋದರು. ನನ್ನ ಮೈ ಜುಮ್ಮೆಂದಿತು. ಮೂರು ತಿಂಗಳಿಂದ ನಾನು ಓದುತ್ತಿರುವ, ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರೋಸ್ ಪಾರೆ, ಹೆಚ್ಚುಕಡಿಮೆ ಇದೇ ಮಾತನ್ನು ತನ್ನ ಬಗ್ಗೆ ಬರೆದುಕೊಂಡಿದ್ದಾನೆ.

1537ರಲ್ಲಿ ಇಟಲಿಯ ಟ್ಯೂರಿನ್ ನಗರಕ್ಕಾಗಿ ಫ್ರೆಂಚ್ ಸೈನ್ಯ ಹೊರಟಾಗ, ಕಾಲಾಳುಪಡೆಯ ಮುಖ್ಯಸ್ಥ ಮೋಂತೆಜಾನನ ಜೊತೆಗೆ ಹೋದ ಪಾರೆಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಲಾವಾಲ್ ಪಟ್ಟಣದ ಬಳಿಯ ಹಳ್ಳಿಯವನು, ಕ್ಷೌರಿಕ ಶಸ್ತ್ರವೈದ್ಯರ ಕೈಕೆಳಗೆ ಕೆಲಸ ಕಲಿತವನು, ಪ್ಯಾರಿಸ್ಸಿನ ಓತೆಲ್-ದ್ಯೂ ಆಸ್ಪತ್ರೆಯಲ್ಲಿ ಮೂರು ವರ್ಷ ಬಡರೋಗಿಗಳ ನಡುವೆ ಪಳಗಿದವನು. ಲ್ಯಾಟಿನ್ ಬಾರದು, ಆದ್ದರಿಂದ ವಿಶ್ವವಿದ್ಯಾಲಯದ ವೈದ್ಯರ ಕಣ್ಣಿಗೆ ಅವನು ಕತ್ತಿ ಹಿಡಿಯುವ ಕೈಗಾರ ಮಾತ್ರ. ಗುಂಡೇಟಿನ ಗಾಯವನ್ನು ಅವನು ಅದುವರೆಗೆ ಕಂಡೇ ಇರಲಿಲ್ಲ. ಕಂಡದ್ದು ಜೊವಾನ್ನಿ ದ ವೀಗೋ ಬರೆದ ಪುಸ್ತಕವನ್ನು. ಮದ್ದಿನ ಪುಡಿ ಗಾಯದೊಳಗೆ ವಿಷವನ್ನು ಬಿಟ್ಟುಹೋಗುತ್ತದೆ, ಆದ್ದರಿಂದ ಎಲ್ಡರ್ ಗಿಡದ ಎಣ್ಣೆಯನ್ನು ಕುದಿಯುವಷ್ಟು ಕಾಯಿಸಿ, ಸ್ವಲ್ಪ ಥೇರಿಯಾಕ್ ಎಂಬ ವಿಷಹಾರಿ ಲೇಹ್ಯವನ್ನು ಬೆರೆಸಿ ಗಾಯಕ್ಕೆ ಸುರಿಯಬೇಕು ಎಂದು ಅದರಲ್ಲಿತ್ತು.

ಇಲ್ಲಿಗೆ ಬಂದಾಗಲೆಲ್ಲ ನಾನು ನಮ್ಮ "ಮದ್ದು" ಎಂಬ ಮಾತಿನಲ್ಲಿ ಸಿಕ್ಕಿಬೀಳುತ್ತೇನೆ. ತುಪಾಕಿಗೆ ತುಂಬುವುದೂ ಮದ್ದು, ಕೆಮ್ಮಿಗೆ ಅರೆದು ಕುಡಿಸುವುದೂ ಮದ್ದು, ಊಟದಲ್ಲಿ ಯಾರೋ "ಮದ್ದು ಹಾಕಿದರು" ಎಂದು ಅಜ್ಜಿ ಪಿಸುಗುಟ್ಟುತ್ತಿದ್ದಾಗ ಅದು ವಿಷ. ಗುಂಡಿನ ಮದ್ದು ವಿಷದ ಮದ್ದಾಗಿ, ಅದಕ್ಕೆ ಕಾದೆಣ್ಣೆಯೇ ಮದ್ದಾಗಿ, ಹದಿನಾರನೆಯ ಶತಮಾನದ ಆ ಇಡೀ ತಪ್ಪು ತಿಳಿವಳಿಕೆ ಕನ್ನಡದ ಒಂದೇ ಪದದೊಳಗೆ ಕುಳಿತಿರುವಂತೆ ತೋರುತ್ತದೆ.

ಪಾರೆ ಎಣ್ಣೆ ಸುರಿಯುವ ಮೊದಲು ಬೇರೆ ಶಸ್ತ್ರವೈದ್ಯರು ಏನು ಮಾಡುತ್ತಾರೆಂದು ನೋಡಿದ. ಅವರೂ ಅದನ್ನೇ ಮಾಡುತ್ತಿದ್ದುದನ್ನು ಕಂಡು ಧೈರ್ಯ ತಂದುಕೊಂಡ. ಗಾಯಾಳುಗಳು ಎಷ್ಟು ಮಂದಿಯಿದ್ದರೆಂದರೆ ಕೊನೆಗೆ ಎಣ್ಣೆ ತೀರಿಹೋಯಿತು. ಉಳಿದವರಿಗೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ ಮತ್ತು ಟರ್ಪೆಂಟೈನ್ ಕಲಸಿ ಹಚ್ಚಿದ. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಸುಡದೆ ಬಿಟ್ಟವರೆಲ್ಲ ವಿಷವೇರಿ ಸತ್ತು ಬಿದ್ದಿರುತ್ತಾರೆ ಎಂಬ ಭಯದಿಂದ ನಸುಕಿಗೇ ಎದ್ದು ಅವರನ್ನು ನೋಡಲು ಹೋದ. ಮೊಟ್ಟೆಯ ಲೇಪದವರಿಗೆ ನೋವು ಕಡಿಮೆ, ಗಾಯದಲ್ಲಿ ಉರಿಯಿಲ್ಲ, ಬಾವಿಲ್ಲ, ರಾತ್ರಿ ಚೆನ್ನಾಗಿಯೇ ಮಲಗಿದ್ದರು. ಎಣ್ಣೆ ಸುರಿಸಿಕೊಂಡವರು ಜ್ವರದಲ್ಲಿ ನರಳುತ್ತಿದ್ದರು, ಗಾಯದ ಸುತ್ತ ಊದಿಕೊಂಡಿತ್ತು. ಗುಂಡೇಟು ತಿಂದ ಬಡಪಾಯಿಗಳನ್ನು ಇಷ್ಟು ಕ್ರೂರವಾಗಿ ಇನ್ನೆಂದೂ ಸುಡುವುದಿಲ್ಲವೆಂದು ಅವನು ಅಂದೇ ನಿಶ್ಚಯಿಸಿದ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಎಣ್ಣೆ ತೀರಿದ್ದನ್ನೇ ದೊಡ್ಡದು ಮಾಡುತ್ತಾರೆ, ಅದೃಷ್ಟವೆನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಎಣ್ಣೆ ಆ ಶತಮಾನದ ಎಷ್ಟೋ ದಂಡಿನ ಬೀಡುಗಳಲ್ಲಿ ತೀರಿರಬೇಕು, ಎಷ್ಟೋ ವೈದ್ಯರು ಕೈಗೆ ಸಿಕ್ಕಿದ್ದನ್ನು ಹಚ್ಚಿ ಮಲಗಿರಬೇಕು. ಪಾರೆಯ ಹೆಚ್ಚುಗಾರಿಕೆಯೆಲ್ಲ ಇರುವುದು ನಿದ್ದೆಗೆಟ್ಟದ್ದರಲ್ಲಿ, ತನ್ನ ಕೈಯಿಂದ ಏನಾಗಿದೆಯೋ ಅದನ್ನು ಕತ್ತಲು ಹರಿಯುವ ಮೊದಲೇ ಎದುರಿಸಲು ಎದ್ದದ್ದರಲ್ಲಿ. ಆ ಬೆಳಗ್ಗೆ ಕಂಡದ್ದನ್ನು ಪುಸ್ತಕವಾಗಿ ಅಚ್ಚುಹಾಕಿಸಲು ಅವನಿಗೆ 1545ರವರೆಗೆ ಕಾಯಬೇಕಾಯಿತು, ಅದನ್ನು ಬರೆದದ್ದೂ ಲ್ಯಾಟಿನ್ನಿನಲ್ಲಲ್ಲ, ತನ್ನಂತಹ ಕ್ಷೌರಿಕ ಶಸ್ತ್ರವೈದ್ಯರು ಓದಬಲ್ಲ ಫ್ರೆಂಚಿನಲ್ಲಿ.

ಇನ್ನು ಈರುಳ್ಳಿ. ಡಾಕ್ಟರು ಸೌಮ್ಯವಾಗಿಯೇ "ಮನೆಯಲ್ಲಿ ಏನನ್ನೂ ಹಚ್ಚಬೇಡಿ, ನೀರೊಂದೇ ಸಾಕು" ಎಂದಿದ್ದರೂ ಅಮ್ಮನ ಮುಖ ನಿನ್ನೆಯಿಂದ ಸಪ್ಪಗಿತ್ತು. ಮಧ್ಯಾಹ್ನ ಊಟದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಟ್ಯೂರಿನ್ನಿನ ಸೀಮೆಯಾದ ಪೀಡ್‌ಮಾಂಟಿನ ಮುದುಕಿಯೊಬ್ಬಳ ವಿಷಯ ಹೇಳಿದೆ. ಮೋಂತೆಜಾನನ ಅಡುಗೆಮನೆಯ ಹುಡುಗನೊಬ್ಬ ಕಾದ ಎಣ್ಣೆಯ ಕಡಾಯಿಗೆ ಬಿದ್ದಾಗ, ತಂಪು ಔಷಧಿ ತರಲೆಂದು ಅಂಗಡಿಗೆ ಹೋದ ಪಾರೆಗೆ ಅಲ್ಲಿದ್ದ ಹಳ್ಳಿಯ ಮುದುಕಿಯೊಬ್ಬಳು ಹಸಿ ಈರುಳ್ಳಿಯನ್ನು ಉಪ್ಪಿನೊಂದಿಗೆ ಜಜ್ಜಿ ಹಾಕು ಎಂದಳು. ಅವನು ಅವಳ ಮಾತನ್ನು ತಳ್ಳಿಹಾಕಲಿಲ್ಲ, ಕಣ್ಣುಮುಚ್ಚಿ ನಂಬಲೂ ಇಲ್ಲ. ಮರುದಿನ ನೋಡಿದರೆ ಈರುಳ್ಳಿ ತಾಗಿದಲ್ಲಿ ಬೊಕ್ಕೆಯಿಲ್ಲ, ತಾಗದಲ್ಲಿ ಬೊಕ್ಕೆ. ಆಮೇಲೆ ಜರ್ಮನ್ ಕಾವಲುಗಾರನೊಬ್ಬನ ಮದ್ದಿನ ಬುಡ್ಡಿಗೆ ಬೆಂಕಿ ತಾಗಿ ಮುಖ ಸುಟ್ಟಾಗ, ಮುಖದ ಅರ್ಧಕ್ಕೆ ಈರುಳ್ಳಿಯನ್ನೂ ಇನ್ನರ್ಧಕ್ಕೆ ರೂಢಿಯ ಔಷಧಿಯನ್ನೂ ಹಚ್ಚಿ ಎರಡನ್ನೂ ಹೋಲಿಸಿ ನೋಡಿದ. ಇಂದಿನ ಚಿಕಿತ್ಸೆಯಲ್ಲಿ ಈರುಳ್ಳಿಗೆ ಜಾಗವಿಲ್ಲ, ಡಾಕ್ಟರು ಹೇಳಿದ್ದೇ ಸರಿ ಎಂದೂ ಅಮ್ಮನಿಗೆ ಹೇಳಿದೆ. ಆದರೆ ಒಂದೇ ಮುಖದ ಎರಡು ಕೆನ್ನೆಗಳನ್ನು ಹಾಗೆ ಪಕ್ಕಪಕ್ಕದಲ್ಲಿಟ್ಟು ನೋಡುವ ಬುದ್ಧಿ ಆ ಕಾಲದ ಲ್ಯಾಟಿನ್ ಪಂಡಿತರಲ್ಲಿ ಎಷ್ಟು ಜನಕ್ಕೆ ಹೊಳೆದಿರಬಹುದು? ಅಮ್ಮ ಎಲ್ಲವನ್ನೂ ಕೇಳಿ, "ಆ ಮುದುಕಿಯ ಹೆಸರು ಬರೆದಿದ್ದಾನೆಯೇ?" ಎಂದರು. ಬರೆದಿಲ್ಲ.

ಅವನನ್ನು ದೇವರ ಪೀಠದಲ್ಲಿ ಕೂರಿಸುವ ಇಷ್ಟ ನನಗಿಲ್ಲ. ಟ್ಯೂರಿನ್ನಿನ ಒಬ್ಬ ಶಸ್ತ್ರವೈದ್ಯನನ್ನು ಎರಡು ವರ್ಷ ಓಲೈಸಿ ಅವನು ಪಡೆದ ರಹಸ್ಯ ತೈಲದಲ್ಲಿ ಜೀವಂತ ನಾಯಿಮರಿಗಳನ್ನೂ ಎರೆಹುಳುಗಳನ್ನೂ ಕುದಿಸಬೇಕಿತ್ತು, ಅದನ್ನು ಅವನು ಸಂತೋಷದಿಂದಲೇ ಬಳಸಿದ. ಆ ಪುಟ ಓದುವಾಗ ಹೊಟ್ಟೆ ತೊಳಸುತ್ತದೆ. ಆದರೂ ಅವನು ಒಂದು ಕಡೆ ನಿಂತವನಲ್ಲ. 1552ರಲ್ಲಿ ದಾಂವಿಲ್ಲೆಯ ಮುತ್ತಿಗೆಯಲ್ಲಿ ಫಿರಂಗಿಯೇಟಿಗೆ ಕಾಲು ಜಜ್ಜಿಹೋದ ಒಬ್ಬನ ಕಾಲು ಕತ್ತರಿಸಿದಾಗ, ರಕ್ತ ನಿಲ್ಲಿಸಲು ಕೆಂಪಗೆ ಕಾಸಿದ ಕಬ್ಬಿಣವನ್ನಿಡದೆ, ಕಾಗೆಯ ಕೊಕ್ಕಿನಂತಹ ಇಕ್ಕಳದಿಂದ ರಕ್ತನಾಳದ ತುದಿಯನ್ನು ಎಳೆದು ದಾರದಿಂದ ಬಿಗಿದು ಕಟ್ಟಿದ. ಆ ಮನುಷ್ಯ ಮರದ ಕಾಲಿನೊಂದಿಗೆ ಮನೆಗೆ ಮರಳಿದ, ಸುಡಿಸಿಕೊಳ್ಳದೆ ಅಗ್ಗದಲ್ಲಿ ಪಾರಾದೆನೆಂದು ಹೇಳಿಕೊಂಡನಂತೆ. 1564ರ ಪುಸ್ತಕದಲ್ಲಿ ಪಾರೆ ಈ ವಿಧಾನವನ್ನು ಎಲ್ಲರಿಗೂ ತಿಳಿಸಿದ, ತಾನು ಹಿಂದೆ ಸುಟ್ಟದ್ದನ್ನು ಮುಚ್ಚಿಡಲಿಲ್ಲ. ವಿಧಾನ ಮಾತ್ರ ಬೇಗ ಹರಡಲಿಲ್ಲ. ತೊಡೆಯಲ್ಲಿ ಕತ್ತರಿಸಿದರೆ ಒಂದಲ್ಲ, ಅನೇಕ ನಾಳಗಳನ್ನು ಕಟ್ಟಬೇಕು, ಅಷ್ಟು ಹೊತ್ತು ರಕ್ತವನ್ನು ತಡೆಹಿಡಿಯಬಲ್ಲ ತಿರುಪಿನ ಪಟ್ಟಿಯನ್ನು ಪೆಟಿ ಎಂಬ ಇನ್ನೊಬ್ಬ ಫ್ರೆಂಚ್ ಶಸ್ತ್ರವೈದ್ಯ ರೂಪಿಸಿದ್ದು 1718ರಲ್ಲಿ. ಪಾರೆ ನಾಲ್ವರು ರಾಜರಿಗೆ ಶಸ್ತ್ರವೈದ್ಯನಾಗಿ 1590ರಲ್ಲಿ ತೀರಿಕೊಳ್ಳುವ ತನಕವೂ ಪ್ಯಾರಿಸ್ಸಿನ ವೈದ್ಯಕೀಯ ಪಂಡಿತರಿಗೆ ಅವನು ಅಧಿಕಪ್ರಸಂಗಿಯೇ. ಕಾಸಿದ ಕಬ್ಬಿಣವನ್ನು ಬಿಟ್ಟದ್ದು ಅಪರಾಧವೆಂಬಂತೆ ಅವರಲ್ಲೊಬ್ಬ ಬರೆದ ಆಕ್ಷೇಪಣೆಗೆ ಉತ್ತರವಾಗಿಯೇ ಅವನು 1585ರಲ್ಲಿ, ಎಪ್ಪತ್ತೈದರ ಹತ್ತಿರದ ವಯಸ್ಸಿನಲ್ಲಿ, ತನ್ನ ದಂಡಯಾತ್ರೆಗಳ ವೃತ್ತಾಂತವನ್ನು ಬರೆದದ್ದು. "ನಾನು ಕಟ್ಟು ಕಟ್ಟಿದೆ, ದೇವರು ಗುಣಪಡಿಸಿದ" ಎಂಬ ಅವನ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ.

ಕಿಟ್ಟಿ ಈಗ ಒಮ್ಮೆ ನರಳಿದ. ಅತ್ತಿಗೆ ಎದ್ದ ಸದ್ದು ಕೇಳಿಸಿತು.

ಆ ವೃತ್ತಾಂತದಲ್ಲಿ ಎಣ್ಣೆಯ ಕಥೆಗೆ ಮುಂಚೆ ಇನ್ನೊಂದು ಬರುತ್ತದೆ, ಅದನ್ನು ಅಮ್ಮನಿಗೆ ಹೇಳಲು ನನ್ನಿಂದಾಗಲಿಲ್ಲ. ಟ್ಯೂರಿನ್ನಿಗೆ ಬಂದ ಹೊಸತರಲ್ಲಿ ಪಾರೆ ತನ್ನ ಕುದುರೆಯನ್ನು ಕಟ್ಟಲೆಂದು ಒಂದು ಲಾಯದೊಳಗೆ ಹೋದ. ಅಲ್ಲಿ ಸತ್ತ ಸೈನಿಕರ ಜೊತೆಗೆ, ಗೋಡೆಗೊರಗಿ ಮೂವರು ಜೀವಂತವಾಗಿದ್ದರು. ಮುಖ ಗುರುತು ಸಿಗದಂತಾಗಿತ್ತು, ಕಣ್ಣು ಕಾಣುತ್ತಿರಲಿಲ್ಲ, ಮಾತಿರಲಿಲ್ಲ, ಮದ್ದಿನಿಂದ ಹತ್ತಿದ ಬಟ್ಟೆ ಇನ್ನೂ ಹೊಗೆಯಾಡುತ್ತಿತ್ತು. ಮುದಿ ಸೈನಿಕನೊಬ್ಬ ಬಂದು ಇವರನ್ನು ಉಳಿಸಲು ಸಾಧ್ಯವೇ ಎಂದು ಕೇಳಿದ. ಪಾರೆ ಇಲ್ಲವೆಂದ. ಮುದುಕ ಹತ್ತಿರ ಹೋಗಿ, ಸಿಟ್ಟಿಲ್ಲದೆ, ಮೆಲ್ಲಗೆ ಮೂವರ ಕುತ್ತಿಗೆಯನ್ನೂ ಕೊಯ್ದ. ನೀನು ದುಷ್ಟನೆಂದು ಪಾರೆ ಕೂಗಿದಾಗ, ನಾನೇ ಆ ಸ್ಥಿತಿಯಲ್ಲಿದ್ದರೆ ಯಾರಾದರೂ ನನಗೂ ಇದನ್ನೇ ಮಾಡಲಿ ಎಂದು ದೇವರಲ್ಲಿ ಬೇಡುತ್ತೇನೆ ಎಂದನಂತೆ.

ಆಮೇಲೆ ಪಾರೆ ಎಣ್ಣೆಯ ವಿಷಯಕ್ಕೆ ಹೋಗಿಬಿಡುತ್ತಾನೆ. ನಿದ್ದೆಗೆಟ್ಟದ್ದಕ್ಕೆ ಅವನು ಕೊಡುವ ಕಾರಣ ವಿಷದ ಭಯವೊಂದೇ. ಆದರೆ "ಇಲ್ಲ" ಎಂಬ ತನ್ನ ಒಂದು ಮಾತಿನ ಬೆನ್ನಿಗೇ ಮೂರು ಜೀವ ಹೋದದ್ದನ್ನು ಕಂಡಿದ್ದವನು, ಮತ್ತೆ ಸಾಲಾಗಿ ಮಲಗಿದ್ದ ಗಾಯಾಳುಗಳ ನಡುವೆ ಕತ್ತಲಲ್ಲಿ ದೀಪ ಹಿಡಿದು ನಡೆಯುವಾಗ, ಆ ಲಾಯದ ಗೋಡೆ ಅವನ ಕಣ್ಣ ಮುಂದೆ…