ನಿಮ್ಮಿಷ್ಟ ಅಂದ್ರೆ ಎಷ್ಟು?

ಟೇಲರ್ ಕಾಕಾ ಪಾಕೀಟು ತೆಗೆದರು. ಎರಡು ಬೆರಳಲ್ಲಿ ನೋಟು ಸರಿಸುತ್ತಾ, "ಎಷ್ಟಾತು ತಮ್ಮಾ?" ಅಂದರು.

"ಅಯ್ಯ, ನಿಮ್ಮಿಷ್ಟ ಕಾಕಾ. ತಿಳದಷ್ಟು ಕೊಡ್ರಿ" ಅಂದೆ.

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. "ನನಗೇನೂ ತಿಳಿವಲ್ದಪಾ" ಅಂದು ಪಾಕೀಟು ಮಡಚಿ ಜೇಬಿಗಿಟ್ಟರು. ಕಾಕೂನ ಕರೆದುಕೊಂಡು ಹೊರಟೇಬಿಟ್ಟರು.

ಇದು ಕಳೆದ ಭಾನುವಾರ ನಾನು ಕಾಕೂನ ಫೋಟೋ ತೆಗೆದಾಗಿನ ಮಾತು. ಮೂರು ದಿನ ತಲೆಯಲ್ಲಿ ಇದೇ ಓಡುತ್ತಿತ್ತು. ಕಾಕಾ ಜಿಪುಣ ಇರಬಹುದು ಅಂದುಕೊಂಡೆ. ಅಲ್ಲ, ನಮ್ಮ ಓಣಿಯ ಗಣೇಶನಿಗೆ ಎಲ್ಲರಿಗಿಂತ ಮೊದಲು ಪಟ್ಟಿ ಕೊಡೋದು ಅವರೇ. ಹಾಗಾದರೆ ಫೋಟೋ ಹಿಡಿಸಲಿಲ್ವಾ? ಅದೂ ಅಲ್ಲ. ಫೋಟೋ ಹಿಡಿಸಿದ್ದು ನನಗೆ ಗೊತ್ತು.

ನಗು ಬರೋ ವಿಷಯ ಬೇರೆ ಇದೆ. ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ದಿನವಿಡೀ ರೇಟು ಬರೆಯೋದೇ ಕೆಲಸ. ಭತ್ತದ 75 ಕೆ.ಜಿ. ಚೀಲಕ್ಕೆ ಇಷ್ಟು, ನುಚ್ಚಿಗೆ ಇಷ್ಟು, ತೌಡಿಗೆ ಇಷ್ಟು, ಹೊಟ್ಟಿಗೂ ಇಷ್ಟು. ಅಕ್ಕಿಯಿಂದ ಬೇರೆಯಾದ ಸಿಪ್ಪೆಗೂ ನಮ್ಮಲ್ಲಿ ರೇಟಿದೆ. ನನ್ನ ಫೋಟೋಕ್ಕೆ ಮಾತ್ರ ಇಲ್ಲ.

ಕ್ಯಾಮೆರಾ ತಗೊಂಡು ಆರು ವರ್ಷ ಆಯ್ತು. ಸೆಕೆಂಡ್ ಹ್ಯಾಂಡ್, 21 ಸಾವಿರ. ಮೊದಲ ಮೂರು ವರ್ಷ ಎಲ್ಲರಂತೆ ನಾನೂ ಸಾಣಾಪುರ ಕೆರೆ, ಆನೆಗುಂದಿಯ ಬಂಡೆ, ನಾಟಿ ಗದ್ದೆಯ ಬೆಳ್ಳಕ್ಕಿ ಅಂತ ಅಲೆದೆ. ಬಂಡೆಗಳು ಚೆಂದ, ಇಲ್ಲ ಅನ್ನಲ್ಲ. ಆದರೆ ಬಂಡೆ ಹೋದ ವರ್ಷದ ಹಾಗೇ ಈ ವರ್ಷವೂ ಇರುತ್ತೆ. ಈಗ ಅಲ್ಲಿ ಪ್ರಿ-ವೆಡ್ಡಿಂಗ್ ಜೋಡಿಗಳ ಸಾಲು ಬೇರೆ. ಒಬ್ಬರು ಇಳಿಯೋವರೆಗೆ ಇನ್ನೊಬ್ಬರು ಕೆಳಗೆ ಕಾಯುತ್ತಾರೆ, ರೇಷನ್ ಅಂಗಡಿ ಹಾಗೆ.

ಒಂದು ಮಧ್ಯಾಹ್ನ ಮಿಲ್ಲಿನಲ್ಲಿ ಒಬ್ಬ ಹಮಾಲಿ ಲಾರಿ ಖಾಲಿ ಮಾಡಿ ಚೀಲಕ್ಕೆ ಒರಗಿ ಕೂತಿದ್ದ. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ತೌಡಿನ ಪುಡಿ. ಕಣ್ಣು ಮಾತ್ರ ಕಪ್ಪಗೆ. ಒಂದು ಫೋಟೋ ತೆಗೆದೆ. ಅವತ್ತಿನಿಂದ ಬಂಡೆ ಕಡೆ ಹೋಗಿಲ್ಲ. ಪ್ರಿಂಟ್ ಕೊಟ್ಟಾಗ ಆತ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಚಾ ಕುಡೀರಿ ಸಾಹೇಬ್ರ" ಅಂತ 10 ರೂಪಾಯಿ ಕೊಟ್ಟ. ಅದೇ ನನ್ನ ಮೊದಲ ಗಳಿಕೆ. ಆಮೇಲಿನ ಜಮಾ ಪುಟದಲ್ಲಿ ಇರೋದು ಇಷ್ಟು: ಚಾ, ಹೋಳಿಗೆ, ಆನೆಗುಂದಿ ಕಡೆಯ ಒಂದು ಗೊನೆ ಬಾಳೆಹಣ್ಣು. ಖರ್ಚಿನ ಪುಟ ತುಂಬಿದೆ.

ಈ ವರ್ಷ ಬಿಸಿನೆಸ್ ಅಂತಲೇ ಶುರು ಮಾಡಿದೆ. ಸಣ್ಣ ಉದ್ದಿಮೆಗೆ ಸರ್ಕಾರದ ಉದ್ಯಮ್ ನೋಂದಣಿ ಅಂತಿದೆ, ಅದಕ್ಕೆ ದುಡ್ಡು ಬೇಡ, ಆನ್‌ಲೈನ್‌ನಲ್ಲಿ ಬೇಗ ಮುಗಿಯಿತು. ರೇಟ್ ಕಾರ್ಡ್ ಮುಗಿಯಲಿಲ್ಲ. ನಾಲ್ಕು ಸಲ ಬರೆದು ಹರಿದೆ.

ಸ್ಟುಡಿಯೋ ಅಂದ್ರೆ ನಮ್ಮ ಮನೆಯ ಪಡಸಾಲೆ. ಬಾಗಿಲು ಉತ್ತರಕ್ಕಿದೆ. ಬಿಸಿಲು ನೇರ ಒಳಗೆ ಬರಲ್ಲ, ಹೊರಗಿನ ಬೆಳಕಷ್ಟೇ ಮೆತ್ತಗೆ ಬರುತ್ತೆ. ಮುಖದ ಇನ್ನೊಂದು ಕಡೆ ತೀರಾ ಕಪ್ಪಾಗದ ಹಾಗೆ ತಂಗಿ ಥರ್ಮಾಕೋಲ್ ಹಾಳೆ ಹಿಡಿಯುತ್ತಾಳೆ, ಗೊಣಗುತ್ತಾ. ಲೆನ್ಸು 50 ಎಂಎಂ. ನನ್ನ ಕ್ಯಾಮೆರಾದ ಸೆನ್ಸರ್ ಸಣ್ಣದು, ಹಾಗಾಗಿ ಅದು 80 ಎಂಎಂ ಲೆನ್ಸಿನ ಹಾಗೆ ಸ್ವಲ್ಪ ಹತ್ತಿರಕ್ಕೆ ಎಳೆದು ತೋರಿಸುತ್ತೆ. ಮುಖಕ್ಕೆ ಒಳ್ಳೇದು, ಮೂಗು ದಪ್ಪ ಕಾಣಲ್ಲ. ಆದರೆ ಸೊಂಟದಿಂದ ಮೇಲೆ ತೆಗೀಬೇಕು ಅಂದ್ರೆ ಏಳೆಂಟು ಅಡಿ ಹಿಂದೆ ಸರೀಬೇಕು. ಹಿಂದೆ ಅಕ್ಕಿ ಚೀಲ. ಮೇಲಿನ ಚೀಲದಲ್ಲಿ ನನ್ನ ಬೆನ್ನಿನ ಗುಳಿ ಬಿದ್ದಿದೆ.

ಭಾನುವಾರ ಕಾಕಾ ಬಂದಿದ್ದು ಕಾಕೂನ ಒಬ್ಬಳದೇ ಫೋಟೋ ತೆಗೆಸೋಕೆ. ಮದುವೆ ಆಗಿ 38 ವರ್ಷ. ಮಕ್ಕಳ ಜೊತೆ, ಬೀಗರ ಜೊತೆ, ಯಾರದೋ ಮದುವೆಯ ಸಾಲಿನಲ್ಲಿ ಮೂಲೆಗೆ ಕಾಕು ಇದ್ದಾರೆ. ಒಬ್ಬರೇ ಇರೋದು ಆಧಾರ್ ಕಾರ್ಡಿನಲ್ಲಿ ಮಾತ್ರ, ಅದರಲ್ಲಿ ಪೊಲೀಸರನ್ನು ಕಂಡ ಹಾಗೆ ಇದ್ದಾರೆ. ಕಾಕು ಇಳಕಲ್ ಸೀರೆ ಉಟ್ಟಿದ್ದರು. ಜಂಪರ್ ಹೊಸದು. ಜೀವಮಾನವೆಲ್ಲ ಪ್ಯಾಂಟು-ಅಂಗಿ ಹೊಲಿದ ಕಾಕಾ ಇದಕ್ಕೆ ಅಂತ ತಾವೇ ಹೊಲಿದಿದ್ದರು.

ಕಾಕು ಕೂತರು. ಮೊಣಕಾಲ ಮೇಲೆ ಕೈ, ಉಸಿರು ಬಿಗಿ, ಮತ್ತೆ ಅದೇ ಆಧಾರ್ ಮುಖ. ನಲವತ್ತು ಕ್ಲಿಕ್ ಆದರೂ ಅದೇ. ಸಾಕಾಗಿ ಕ್ಯಾಮೆರಾದ ಪರದೆಯನ್ನು ಕಾಕಾಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದರು.

"ಎಡಗಡೆ ತೋಳು ಸರಿ ಕುಂತಿಲ್ಲ."

ನಾನು ಬೆಳಕಿನ ಬಗ್ಗೆ ಏನೋ ಹೇಳೋಕೆ ಹೋದೆ.

"ನಿಂದಲ್ಲೋ, ನನ್ನ ಹೊಲಿಗೆ" ಅಂದರು.

"ಮಾರಿ ನೋಡ್ರಿ ಅಂದ್ರ ತೋಳು ನೋಡ್ತಾರಲ್ರೀ ಈ ಮನಷ್ಯಾ!" ಕಾಕು ನಕ್ಕುಬಿಟ್ಟರು. ಹಲ್ಲು ಮುಚ್ಚೋಕೆ ಕೈ ಮೇಲೆ ಹೋಯಿತು. ಕ್ಯಾಮೆರಾ ಹೇಗೆ ಕಣ್ಣಿಗೆ ಬಂತೋ, ಒತ್ತಿದೆ. ಕೈ ಸ್ವಲ್ಪ ಅಳ್ಳಾಡಿದೆ. ಆದರೆ ಎರಡೂ ಕಣ್ಣಲ್ಲಿ ನಮ್ಮ ಬಾಗಿಲು ಸಣ್ಣ ಬಿಳಿ ಚೌಕಾಗಿ ಕೂತಿದೆ. ಆರು ವರ್ಷದಲ್ಲಿ ಇಂಥದ್ದೊಂದು ಬಂದಿರಲಿಲ್ಲ.

ಅದಾದ ಮೇಲೇ "ಎಷ್ಟಾತು ತಮ್ಮಾ", ಅದಾದ ಮೇಲೇ "ನಿಮ್ಮಿಷ್ಟ".

ರಾತ್ರಿ ಲೆಕ್ಕ ಹಾಕಿದೆ, ಚಟ ಅದು. ನನ್ನಂಥ ಕ್ಯಾಮೆರಾದ ಶಟರ್ ಸುಮಾರು 1 ಲಕ್ಷ ಕ್ಲಿಕ್ ಬಾಳುತ್ತೆ ಅಂತಾರೆ. ನನ್ನ ಕೈಗೆ ಬರೋ ಹೊತ್ತಿಗೆ 70 ಸಾವಿರ ಉಳಿದಿತ್ತು. 21 ಸಾವಿರಕ್ಕೆ 70 ಸಾವಿರ ಕ್ಲಿಕ್, ಒಂದಕ್ಕೆ 30 ಪೈಸೆ. ಕಾಕೂದು ಒಟ್ಟು 64 ಕ್ಲಿಕ್, 19 ರೂಪಾಯಿ 20 ಪೈಸೆ. ಆ ನಗುವಿಗೂ 30 ಪೈಸೆ, ಆಧಾರ್ ಮುಖಕ್ಕೂ 30 ಪೈಸೆ. ಪೆನ್ನು ಕೆಳಗಿಟ್ಟೆ.

ನಮ್ಮಲ್ಲಿ ದುಡ್ಡು ಬಾಯಿಬಿಟ್ಟು ಕೇಳೋದು ಸಣ್ಣತನ ಅಂತ ಚಿಕ್ಕಂದಿನಿಂದ ಕಲಿಸಿರುತ್ತಾರೆ, ಅಲ್ವಾ? ಕಲಿಸಿದ ನಮ್ಮವ್ವನೇ ಮದುವೆಗೆ ಹೋಗೋ ಮುಂಚೆ ಮುಯ್ಯಿ ಪುಸ್ತಕ ತೆಗೆಸುತ್ತಾಳೆ. "ನಮ್ಮ ಮದುವ್ಯಾಗ ಅವರು ಎಷ್ಟು ಮಾಡಿದ್ರು ನೋಡು." 51 ಇದ್ದರೆ 101, 101 ಇದ್ದರೆ 201. ಅಲ್ಲಿ "ನಿಮ್ಮಿಷ್ಟ" ಇಲ್ಲ. ಅಜ್ಜನ ಕಾಲದಲ್ಲಿ ಬಡಿಗರಿಗೆ, ಕಮ್ಮಾರರಿಗೆ ಸುಗ್ಗಿಯಲ್ಲಿ ಆಯ ಕೊಡುತ್ತಿದ್ದರು. ವಿಜಯನಗರದ ಕಾಲದಲ್ಲೂ ಇದ್ದ ಹನ್ನೆರಡು ಆಯಗಾರರ ಪದ್ಧತಿ ಅದು. ಅದರಲ್ಲಿ ಜಾತಿಯ ಗಂಟು ಇತ್ತು, ಅದನ್ನು ಹೊಗಳೋಕೆ ನಾನು ತಯಾರಿಲ್ಲ. ಆದರೆ ಯಾರಿಗೆ ಎಷ್ಟು ಕಾಳು ಅನ್ನೋದು ಕಣಕ್ಕೆ ಬರೋ ಮುಂಚೆ ಇಬ್ಬರಿಗೂ ಗೊತ್ತಿರುತ್ತಿತ್ತು. ಕಾಕಾಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಬುಧವಾರ ಸಂಜೆ ಕಾಕಾನ ಅಂಗಡಿಗೆ ಹೋದೆ. ಎರಡು ಪ್ಯಾಂಟು ಉದ್ದ ಕಮ್ಮಿ ಮಾಡೋಕೆ ಕೊಟ್ಟಿದ್ದೆ. ನಿಜ ಹೇಳಬೇಕಂದ್ರೆ ಪ್ಯಾಂಟು ನೆಪ.

"ಎಷ್ಟಾತ್ರಿ ಕಾಕಾ?"

"ಎಂಬತ್ತು."

ತಲೆ ಎತ್ತಲಿಲ್ಲ, ಹಲ್ಲಲ್ಲಿ ದಾರ ಕಚ್ಚಿಕೊಂಡೇ ಹೇಳಿದರು. ಮಿಷಿನ್ ಕೂಡ ನಿಲ್ಲಲಿಲ್ಲ. ನಾನು ದುಡ್ಡು ತೆಗೆಯೋದರಲ್ಲಿ ಮಿಷಿನ್ ನಿಂತಿತು.

"ಮೊನ್ನೆ ನೀ ನನ್ನ ಪರೀಕ್ಷೆ ಮಾಡಿದೆಪಾ. ನೂರು ಕೊಟ್ರ ಜಿಪುಣ ಅಂತಿ. ಐನೂರು ಕೊಟ್ರ ನಿಮ್ಮ ಕಾಕು ಮನಿಗೆ ಹೋಗಿ ಬೈತಾಳ. ನೀ ರೇಟು ಹೇಳಿದ್ರ ಜಗಳಾನಾದ್ರೂ ಮಾಡತಿದ್ದೆ."

ನಾನು ಇಷ್ಟು ದಿನ ಅದನ್ನು ವಿನಯ ಅಂದುಕೊಂಡಿದ್ದೆ. ತೂಕದ ಕಲ್ಲು ಎತ್ತಿ ಗಿರಾಕಿಯ ತಲೆ ಮೇಲಿಟ್ಟು, ನಾನು ಕೈ ಕಟ್ಟಿ ನಿಂತಿದ್ದೆ. ಜಾಸ್ತಿ ಕೊಟ್ಟರೆ ಖುಷಿ, ಕಮ್ಮಿ ಕೊಟ್ಟರೆ ಮನೆಗೆ ಹೋಗಿ ತಂಗಿ ಮುಂದೆ ಅವರನ್ನೇ ಆಡಿಕೊಳ್ಳೋದು. ಎಷ್ಟು ಜನರನ್ನು ಹೀಗೆ ಆಡಿಕೊಂಡಿದ್ದೀನಿ ಅಂತ ನೆನಪಾಗಿ ಸುಮ್ನೆ ನೆಲ ನೋಡಿದೆ.

"ಈಗ ಹೇಳು, ಎಷ್ಟು?"

"ಮುನ್ನೂರು" ಅಂದೆ. ಬೇರೆ ಯಾರೋ ಅಂದ ಹಾಗಿತ್ತು.

"ಜಾಸ್ತಿ ಆತು. ಇನ್ನೂರು."

"ಪ್ರಿಂಟಿಗೇ ಅರವತ್ತು ಹೋಗೈತ್ರಿ. ಅರ್ಧ ದಿನ ನಂದು, ಥರ್ಮಾಕೋಲ್ ಹಿಡಿದಾಕಿಗೆ ಮಿರ್ಚಿ-ಮಂಡಕ್ಕಿ ಬ್ಯಾರೆ."

ಕಾಕಾ ಖುಷಿಯಾದರು. ಅವರಿಗೆ ಬೇಕಾಗಿದ್ದ ಜಗಳ ಸಿಕ್ಕಿತ್ತು. 250ಕ್ಕೆ ಬಂದು ನಿಂತಿತು. ಬಟ್ಟೆಗೆ ಗುರುತು ಹಾಕೋ ಚಾಕಿನಿಂದ ಕಟಿಂಗ್ ಟೇಬಲ್ ಮೇಲೇ 250, ಕೆಳಗೆ 80 ಬರೆದು ಗೆರೆ ಎಳೆದರು. 170 ಎಣಿಸಿ ಕೊಟ್ಟರು. ಮಿಷಿನ್ ಹಿಂದಿನ ಗೋಡೆಯ ಮೇಲೆ, ದೇವರ ಕ್ಯಾಲೆಂಡರ್ ಪಕ್ಕ, ಕಾಕು ನಗುತ್ತಿದ್ದರು. ಫ್ರೇಮ್ ಆಗಲೇ ಹಾಕಿಸಿದ್ದಾರೆ. ಅಂದರೆ ಫ್ರೇಮ್ ಅಂಗಡಿಯವನು ರೇಟು ಹೇಳಿದ್ದ.

ಹೊರಡುವಾಗ ಕಾಕಾ, "ತಮ್ಮಾ, ಇನ್ನೊಂದು ಪ್ರಿಂಟ್ ಬೇಕಾಗಿತ್ತು, ಮಗಳಿಗೆ ಕಳಸಾಕ. ಅದಕ್ಕೆಷ್ಟು?" ಅಂದರು.

"ಅಯ್ಯ, ಅದಕ್ಕೇನ್ ಬಿಡ್ರಿ ಕಾಕಾ, ನಿಮ್..."

ಕಾಕಾ ಏನೂ ಅನ್ನಲಿಲ್ಲ. ಚಾಕ್ ತೆಗೆದು ನನ್ನ ಕೈಗೆ ಕೊಟ್ಟು, ಟೇಬಲ್ ಮೇಲೆ ಖಾಲಿ ಜಾಗ ತೋರಿಸಿದರು.