ಜೇಬಿರುವ ಚೌಕ

ಬೆಳಗ್ಗೆಯಿಂದ ಹಳೆಯ ಟೀ ಶರ್ಟುಗಳಿಗೆ ಕತ್ತರಿ ಹಾಕುತ್ತಾ ಕುಳಿತಿದ್ದೇನೆ. ಕೌದಿ ಹೊಲಿಯಬೇಕು. 12 ಅಂಗುಲದ ಚೌಕಗಳು, ಒಟ್ಟು 16.

ಅಜ್ಜಿಯ ಹತ್ತಿ ಸೀರೆಯಂತಲ್ಲ ಇದು. ಹೆಣಿಗೆಯ ಬಟ್ಟೆ, ಎಳೆದತ್ತ ಹೋಗುತ್ತದೆ. ನೇರವಾಗಿ ಕತ್ತರಿಸಿದೆ ಎಂದುಕೊಂಡು ಎತ್ತಿ ನೋಡುವಷ್ಟರಲ್ಲಿ ಅಂಚು ಸುರುಳಿ ಸುತ್ತಿಕೊಂಡಿರುತ್ತದೆ. ಮೂರು ಹಾಳಾದ ಮೇಲೆ ಬುದ್ಧಿ ಬಂತು. ಬಿ.ಎಚ್. ರಸ್ತೆಗೆ ಹೋಗಿ, ಕಾಲರಿಗೆ ಹಾಕುವ ಅಂಟು ಕ್ಯಾನ್ವಾಸಿನಲ್ಲಿ ತೆಳುವಾದದ್ದನ್ನು ಹುಡುಕಿ ತಂದೆ. ಹಿಂಬದಿಗಿಟ್ಟು ಇಸ್ತ್ರಿ ಹಾಕಿದರೆ ಬಟ್ಟೆ ತೆಪ್ಪಗೆ ಕೂರುತ್ತದೆ. (ಮುಂಬದಿಯ ಅಚ್ಚಿನ ಮೇಲೆ ಮಾತ್ರ ಇಡಬೇಡಿ. ನನ್ನ ಕಾಲೇಜಿನ ಹೆಸರು ಈಗ ಇಸ್ತ್ರಿಪೆಟ್ಟಿಗೆಯ ತಳದಲ್ಲಿದೆ.)

ಹದಿನೈದು ಮುಗಿಯಿತು. ಹದಿನಾರನೆಯದು ಅಪ್ಪನ ಬೂದುಬಣ್ಣದ್ದು. ದೇವರಾಯನದುರ್ಗದ ಮೆಟ್ಟಿಲು ಹತ್ತುವಾಗಲೆಲ್ಲ ಅವರ ಮೈಮೇಲೆ ಅದೇ. ಎಡಗಡೆಯ ಜೇಬು ಕನ್ನಡಕದ ಡಬ್ಬಿಯ ಭಾರಕ್ಕೆ ಜೋತುಬಿದ್ದು, ಇನ್ನೂ ಬಾಯಿ ತೆರೆದುಕೊಂಡೇ ಇದೆ. ಸುಮ್ಮನೆ ಬೆರಳು ಹಾಕಿದೆ. ಮೂಲೆಯಲ್ಲಿ ಒಂದು ಅಡಿಕೆ ಚೂರು. ಎಷ್ಟು ಸಲ ಒಗೆದಿದ್ದೇವೋ, ಅಲುಗದೆ ಕುಳಿತಿದೆ.

ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಜೇಬು ಕಿತ್ತುಹಾಕು, ಹೊಲಿಗೆ ಸಲೀಸಾಗುತ್ತದೆ" ಎಂದರು.

ಒಳಗೆ ಹೋದವರು ಮತ್ತೆ ಬಂದರು.

"ಬೇಡ, ಇರಲಿ ಬಿಡು. ರಾತ್ರಿ ನನ್ನ ಕನ್ನಡಕ ಇಟ್ಟುಕೊಳ್ಳಲು ಆಗುತ್ತದೆ."

ಈಗ ಸಮಸ್ಯೆ ಬೇರೆ. ಜೇಬು ಚೌಕದ ನಡುವೆ ಬರಬೇಕೆಂದರೆ ತೋಳಿನ ಹೊಲಿಗೆಯೂ ಒಳಗೆ ಬರುತ್ತದೆ, ಆ ಮೂಲೆ ದಪ್ಪಗಾಗುತ್ತದೆ.

ಆಗಲಿ.